ಮುಪ್ಪಿನಲ್ಲಿ ಕಾಯಕ

ಕಾಯಕವನ್ನೇ ಕೈಲಾಸವೆಂದು ಬಗೆದ ಶರಣಧರ್ಮದಲ್ಲಿ, ಕಾಯಕ ಮಾಡಲಾರದ ವೃದ್ಧನ ಸ್ಥಾನವಾವುದು? ಈ ಪ್ರಶ್ನೆಯನ್ನು ಬಾಯಿಬಿಟ್ಟು ಕೇಳುವವರು ವಿರಳ. ಆದರೆ ಕೈ ನಡುಗುವ ಹಿರಿಯರ ಮನಸ್ಸನ್ನು ಇದು ಹಗಲಿರುಳೂ ಕೊರೆಯುತ್ತಿರುತ್ತದೆ. ದುಡಿಯಲಾರದ ತನಗೆ ಉಣ್ಣುವ ಅಧಿಕಾರವೆಲ್ಲಿ ಎಂದು ಅವರು ಒಳಗೊಳಗೇ ಕೊರಗುವರು. 2011ರ ಜನಗಣತಿಯಂತೆ ನಮ್ಮ ದೇಶದಲ್ಲಿ 60 ವರ್ಷ ತುಂಬಿದವರು 10 ಕೋಟಿಗೂ ಅಧಿಕ. ಆದುದರಿಂದ ಇದು ಒಂದು ಮನೆಯ ಪ್ರಶ್ನೆಯಲ್ಲ.

ಮುಪ್ಪು ಬೇರೆ, ಮುಪ್ಪಿನ ದೌರ್ಬಲ್ಯ ಬೇರೆ. 2001ರಲ್ಲಿ ಅಮೆರಿಕದ ವೈದ್ಯೆ ಲಿಂಡಾ ಫ್ರೀಡ್ ಮತ್ತು ಅವರ ಸಂಗಡಿಗರು ಈ ದೌರ್ಬಲ್ಯಕ್ಕೆ ಐದು ಕುರುಹುಗಳನ್ನು ಹೇಳಿದರು: ತಾನಾಗಿ ತೂಕ ಇಳಿಯುವುದು, ಸದಾ ಬಳಲಿಕೆ, ಕೈಹಿಡಿತ ಸಡಿಲವಾಗುವುದು, ನಡಿಗೆ ನಿಧಾನವಾಗುವುದು, ಚಟುವಟಿಕೆ ಕುಗ್ಗುವುದು. ಇವುಗಳಲ್ಲಿ ಮೂರು ಕೂಡಿದರೆ ದೌರ್ಬಲ್ಯವು ನೆಲೆಸಿತೆಂದು ತಿಳಿಯತಕ್ಕದ್ದು. ಅಂಥವರನ್ನು ಸಣ್ಣದೊಂದು ಜ್ವರವೂ ಹಾಸಿಗೆ ಹಿಡಿಸಬಲ್ಲದು. ಮಲಗಿದಷ್ಟೂ ಮಾಂಸಖಂಡಗಳು ಕರಗುವುವು. ಕರಗಿದಷ್ಟೂ ಏಳುವುದು ಕಷ್ಟವಾಗುವುದು. ವೈದ್ಯರ ಸಲಹೆಯಂತೆ ಹದವಾದ ವ್ಯಾಯಾಮ, ಬೇಳೆ ಹಾಲುಗಳಿಂದ ಕೂಡಿದ ಆಹಾರ ದೊರೆತರೆ ಅನೇಕರಲ್ಲಿ ಶಕ್ತಿಯು ಕೆಲಮಟ್ಟಿಗೆ ಮರಳುತ್ತದೆ. ಸಂಪೂರ್ಣ ವಿಶ್ರಾಂತಿಯೇ ಮುಪ್ಪಿಗೆ ಮದ್ದೆಂಬ ನಂಬಿಕೆ ಸರಿಯಲ್ಲ.

ಆದರೆ ನಮ್ಮ ಮನೆಗಳಲ್ಲಿ ನಡೆಯುವುದೇನು? ಅತ್ತೆಯು ಮೊರವನ್ನು ಮುಂದಿಟ್ಟುಕೊಂಡು ಅಕ್ಕಿಯನ್ನು ಆರಿಸುತ್ತಿರುವಳು. "ನಿಮಗ್ಯಾಕ ಈ ತ್ರಾಸ, ಅತ್ತೀ? ಸುಮ್ಮನ ಕೂಡ್ರಿ" ಎಂದು ಸೊಸೆಯು ಪ್ರೀತಿಯಿಂದಲೇ ಮೊರವನ್ನು ಎತ್ತಿಕೊಳ್ಳುವಳು. ಅವಳ ಭಾವ ಶುದ್ಧವಾದುದು. ಆದರೂ ಆ ಮೊರದೊಡನೆ ಹಿರಿಯಳ ಕಾಯಕವೂ ಹೋಯಿತೆಂಬುದು ಅವಳಿಗೆ ತಿಳಿಯದು.

ಆಯ್ದಕ್ಕಿ ಮಾರಯ್ಯನವರ ಚರಿತ್ರೆಯನ್ನು ನೆನೆಯೋಣ. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ಮಾಡುತ್ತಿದ್ದ ಅವರು ಒಂದು ದಿನ ನಿತ್ಯಕ್ಕಿಂತ ಹೆಚ್ಚು ತಂದರು. ಲಕ್ಕಮ್ಮನವರು ಸಂತೋಷಪಡಲಿಲ್ಲ, ಹೆಚ್ಚಿನದನ್ನು ಹಿಂದಿರುಗಿಸಲು ಹೇಳಿದರು. ಕಾಯಕದ ಅಳತೆಯು ರಾಶಿಯಲ್ಲಿಲ್ಲ, ಭಾವದಲ್ಲಿದೆ ಎಂಬುದೇ ಇದರ ತಾತ್ಪರ್ಯ. ಹೆಚ್ಚು ತಂದುದರಿಂದ ಕಾಯಕ ಹಿರಿದಾಗದಿದ್ದರೆ, ಕಡಿಮೆ ಮಾಡಿದುದರಿಂದ ಅದು ಕಿರಿದಾಗುವುದೆಂತು? ನಡುಗುವ ಕೈ ಆರಿಸಿದ ಹಿಡಿ ಅಕ್ಕಿಯೂ ಪೂರ್ಣವಾದ ಕಾಯಕವೇ.

ಆ ಹಿಡಿಯಷ್ಟೂ ಸಾಧ್ಯವಾಗದ ದಿನ ಬಂದರೆ? ಬಸವಣ್ಣನವರು ಮುಪ್ಪಿನ ಕುರುಹುಗಳನ್ನು ಎಣಿಸಿ, ಅವು ಬರುವ ಮೊದಲೇ ಪೂಜಿಸೆಂದು ಎಚ್ಚರಿಸಿರುವರು. ಆ ಮಾತು ಶಕ್ತಿಯಿದ್ದವರಿಗೆ ಹೇಳಿದುದು. ಅಶಕ್ತರನ್ನು ಹಳಿಯಲು ಹೇಳಿದುದಲ್ಲ. ದೇಹವನ್ನೇ ದೇಗುಲವೆಂದವರೂ ಅವರೇ. ಕಂಬವು ವಾಲಿತೆಂದು ಭಕ್ತನು ದೇಗುಲವನ್ನು ಬಿಟ್ಟುಹೋಗುವನೇ? ಇಷ್ಟಲಿಂಗವನ್ನು ಅರ್ಚಿಸಲು ಮೆಟ್ಟಿಲೇರಬೇಕಾಗಿಲ್ಲ, ಅಂಗೈಯೇ ಸಾಕು. ಆ ಅಂಗೈಯೂ ನಡುಗಿದರೆ ಮಗನೋ ಸೊಸೆಯೋ ಕೆಳಗೆ ತಮ್ಮ ಕೈಯನ್ನು ಆಸರೆಯಾಗಿ ಹಿಡಿಯಲಿ. ಅಂದಿನಿಂದ ಹಿರಿಯರ ಸೇವೆಯೇ ಮನೆಯವರ ಕಾಯಕ, ಅದೇ ದಾಸೋಹ.

ದಾಸೋಹದಲ್ಲಿ 'ನಾನು ಮಾಡಿದೆ'ನೆಂಬುದು ಸಲ್ಲದು. ಜೀವನದ ಗುಣಮಟ್ಟವೆಂದರೆ ತನ್ನ ಬಾಳನ್ನು ಕುರಿತು ಆ ವ್ಯಕ್ತಿಗೇ ಇರುವ ಅರಿವು ಎಂದು ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ. ಆದುದರಿಂದ ಹಿರಿಯರನ್ನು ಕೇಳಬೇಕು: ಸ್ನಾನ ಯಾವಾಗ, ಊಟಕ್ಕೆ ಏನು, ಯಾರನ್ನು ಕಾಣುವ ಆಸೆ? ಕೇಳದೆ ಮಾಡಿದ ಉಪಚಾರವು ಒಮ್ಮೊಮ್ಮೆ ಸೆರೆಯಾಗುತ್ತದೆ. 2007ರ ಪಾಲಕರ ಹಾಗೂ ಹಿರಿಯ ನಾಗರಿಕರ ಪೋಷಣೆಯ ಕಾನೂನು ಮಕ್ಕಳಿಂದ ಜೀವನಾಂಶವನ್ನು ಕೊಡಿಸಬಲ್ಲದು. ಪಕ್ಕದಲ್ಲಿ ಕುಳಿತು ಕೇಳುವ ಕಿವಿಯನ್ನು ಕೊಡಿಸಲಾರದು.

ಸದ್ಭಕ್ತರೇ, ಕೈಲಾಗುವವರೆಗೆ ಹಿರಿಯರ ಮೊರ ಅವರ ಕೈಯಲ್ಲಿಯೇ ಇರಲಿ. ಕೈಸೋತ ದಿನ ನಮ್ಮ ಕೈ ಅವರ ಕೈಯ ಕೆಳಗಿರಲಿ.