ಕಬ್ಬಿಣದ ನೆರೆಹೊರೆ

ಅಣುಗಳ ರಚನೆ ತೋರಿಸುವ ಪೈಮಾಲ್ ತಂತ್ರಾಂಶದಲ್ಲಿ 4ಎಚ್‌ಎಚ್‌ಬಿ ಎಂಬ ಕಡತವನ್ನು ತೆರೆದರೆ ಪರದೆಯ ತುಂಬ ಗೆರೆಗಳ ಗೋಜಲು. ಅದು ಮನುಷ್ಯರ ಹಿಮೋಗ್ಲೋಬಿನ್. ಹೊತ್ತಿದ್ದ ಆಮ್ಲಜನಕವನ್ನು ಇಳಿಸಿ ಬರಿಗೈಯಲ್ಲಿರುವ ಹೊತ್ತಿನ ರೂಪ. ನಾಲ್ಕು ಸರಪಳಿ, 574 ಅಮೈನೋ ಆಮ್ಲ, ನಾಲ್ಕು ಸಾವಿರಕ್ಕೂ ಮಿಕ್ಕಿದ ಪರಮಾಣು. ನಮ್ಮ ಒಂದೊಂದು ಕೆಂಪು ರಕ್ತಕಣದಲ್ಲೂ ಇಂಥ ಅಣುಗಳು ಸುಮಾರು 27 ಕೋಟಿ. ಮೌಸ್ ಹಿಡಿದು ಎಷ್ಟು ತಿರುಗಿಸಿ ನೋಡಿದರೂ ಗೋಜಲು ಬಿಡಿಸಿಕೊಳ್ಳುವುದಿಲ್ಲ.

ಅದನ್ನು ಕೇಳಬೇಕು. ‘ಸೆಲೆಕ್ಟ್’ ಆಜ್ಞೆ ಕೊಟ್ಟು, ಹೆಸರು ಎಫ್‌ಇ ಇರುವವನ್ನು ಆರಿಸು ಎಂದರೆ ಸಾಕು, ಅಷ್ಟೂ ಪರಮಾಣುಗಳ ನಡುವೆ ನಾಲ್ಕೇ ನಾಲ್ಕು ಕಡೆ ಗುಲಾಬಿ ಚುಕ್ಕೆ ಮೂಡುತ್ತದೆ. ನಾಲ್ಕು ಕಬ್ಬಿಣ. ನಾವು ಎಳೆದುಕೊಳ್ಳುವ ಉಸಿರು ರಕ್ತಕ್ಕಿಳಿದು ಕೂರುವುದು ಇಂಥ ಜಾಗಗಳಲ್ಲಿ.

ನನಗೆ ಇನ್ನೂ ಬೆರಗಾಗುವುದು ಅದರ ಮುಂದಿನ ಪ್ರಶ್ನೆಯಿಂದ. ಎ ಸರಪಳಿಯ ಕಬ್ಬಿಣದ ಸುತ್ತ 5 ಆಂಗ್‌ಸ್ಟ್ರಾಮ್ ಒಳಗೆ ಯಾರಿದ್ದಾರೆ? ಒಂದು ಸೆಂಟಿಮೀಟರನ್ನು ಹತ್ತು ಕೋಟಿ ಪಾಲು ಮಾಡಿದರೆ ಒಂದು ಪಾಲು ಒಂದು ಆಂಗ್‌ಸ್ಟ್ರಾಮ್. ಈ ಪ್ರಶ್ನೆಗೆ ‘ಬೈರೆಸ್’ ಎಂಬ ಪದ ಸೇರಿಸುವುದು ಒಳ್ಳೆಯದು. ಒಂದು ಪರಮಾಣು ಆ ವಲಯದೊಳಗೆ ಬಂದರೂ ಅದು ಸೇರಿದ ಅಮೈನೋ ಆಮ್ಲ ಇಡಿಯಾಗಿ ಬರುತ್ತದೆ. ಇಲ್ಲದಿದ್ದರೆ ಅರ್ಧ ಉಂಗುರ, ತುಂಡು ಬಾಲಗಳು ಕೈಗೆ ಸಿಗುತ್ತವೆ. ಉತ್ತರದಲ್ಲಿ ಎರಡು ಹಿಸ್ಟಿಡಿನ್‌ಗಳು ಎದ್ದು ಕಾಣುತ್ತವೆ: ಒಂದು ಸರಪಳಿಯ 87ನೆಯದು, ಇನ್ನೊಂದು 58ನೆಯದು. ಸಾಲಿನಲ್ಲಿ ಇವೆರಡರ ನಡುವೆ ಅಷ್ಟೊಂದು ದೂರ. ಆದರೂ ಬುಟ್ಟಿಯಲ್ಲಿ ಸುತ್ತಿಟ್ಟ ಮಲ್ಲಿಗೆ ಮಾಲೆಯಲ್ಲಿ ಮೊಳದಾಚೆಯ ಹೂವು ಈಚೆಯ ಹೂವಿಗೆ ತಾಗಿರುವ ಹಾಗೆ, ಒಂದೇ ಕಬ್ಬಿಣದ ಎರಡು ಮಗ್ಗುಲಲ್ಲಿ ಬಂದು ನಿಂತಿವೆ. 87 ಕಬ್ಬಿಣವನ್ನು ಹಿಡಿದುಕೊಂಡಿದೆ. 58, ಆಮ್ಲಜನಕ ಬಂದು ಕೂರುವ ಕಡೆ ಕಾದಿದೆ.

ಆಮ್ಲಜನಕ ಬಂದಾಗ ಕಬ್ಬಿಣ ಸರಿಯುವುದು ಅರ್ಧ ಆಂಗ್‌ಸ್ಟ್ರಾಮಿಗಿಂತ ಕಡಿಮೆ. ಆ ಚೂರು ಚಲನೆ 87ನ್ನು ಎಳೆಯುತ್ತದೆ, 87 ತಾನಿರುವ ಸುರುಳಿಯನ್ನು ಎಳೆಯುತ್ತದೆ, ನಾಲ್ಕು ಸರಪಳಿಗಳ ಜೋಡಣೆಯೇ ಬದಲಾಗಿ ಉಳಿದ ಕಬ್ಬಿಣಗಳು ಆಮ್ಲಜನಕವನ್ನು ಇನ್ನೂ ಸಲೀಸಾಗಿ ಹಿಡಿಯುತ್ತವೆ. 1937ರಲ್ಲಿ ಕೇಂಬ್ರಿಜ್‌ನಲ್ಲಿ ಈ ಅಣುವಿನ ರಚನೆ ಹುಡುಕುವ ಕೆಲಸ ಶುರುಮಾಡಿದ ಮ್ಯಾಕ್ಸ್ ಪೆರುಟ್ಸ್‌ಗೆ ಕುದುರೆಯ ಹಿಮೋಗ್ಲೋಬಿನ್ನಿನ ಒಟ್ಟು ಆಕಾರ ಸಿಗುವ ಹೊತ್ತಿಗೆ 1959 ಆಗಿತ್ತು. ಇಂದು ನಾವು ಒಂದು ಸಾಲು ಬರೆದು ಕೇಳುವ ಪ್ರಶ್ನೆಗೆ ಉತ್ತರ ಸಿಗುವುದು ಅಂಥವರ ಆಯುಸ್ಸು ಸವೆದದ್ದರಿಂದ. ಎ, ಬಿ, ಸಿ, ಡಿ ಎಂದು ಸರಪಳಿಗಳಿಗೆ ಹೆಸರಿಟ್ಟವರು ನಾವು. ಯಾರ ಪಕ್ಕ ಯಾರಿರಬೇಕು ಎಂಬುದನ್ನು ಮಾತ್ರ ಅಣುವೇ ಗೊತ್ತುಮಾಡಿಕೊಂಡಿದೆ.

ಇನ್ನೊಂದು ಪ್ರಶ್ನೆ ಇದೆ, ನನ್ನ ಮಟ್ಟಿಗೆ ಎಲ್ಲಕ್ಕಿಂತ ಗಂಭೀರವಾದದ್ದು. ಬಿ ಮತ್ತು ಡಿ ಸರಪಳಿಗಳ 6ನೆಯ ಅಮೈನೋ ಆಮ್ಲವನ್ನು ತೋರಿಸು. ಸರಪಳಿ ಯಾವುದೆಂದು ಹೇಳದಿದ್ದರೆ ಎ, ಸಿಗಳ ಆರನೆಯದೂ ಎದ್ದು ಬರುತ್ತದೆ. ಅದು ಬೇರೆಯೇ ಆಮ್ಲ. ಸರಿಯಾಗಿ ಕೇಳಿದರೆ ಎರಡು ಗ್ಲುಟಾಮಿಕ್ ಆಮ್ಲಗಳು ಹೊಳೆಯುತ್ತವೆ. ಸಿಕಲ್ ಸೆಲ್ ಕಾಯಿಲೆಯವರಲ್ಲಿ ಈ ಜಾಗದಲ್ಲಿ ವ್ಯಾಲಿನ್ ಇರುತ್ತದೆ. ವಿಜ್ಞಾನಿ ವರ್ನನ್ ಇಂಗ್ರಾಂ ಇದನ್ನು ಕಂಡುಹಿಡಿದದ್ದು 1950ರ ದಶಕದಲ್ಲಿ. 574ರಲ್ಲಿ ಎರಡೇ ಎರಡು. ಆದರೆ ನೀರಿಗೆ ಒಗ್ಗದ ವ್ಯಾಲಿನ್ ಪಕ್ಕದ ಅಣುವಿನ ಒಂದು ಗುಳಿಯಲ್ಲಿ ಹೊಕ್ಕು ಕೂರುತ್ತದೆ, ಆಮ್ಲಜನಕ ಇಳಿದಾಗ ಅಣುಗಳು ಒಂದಕ್ಕೊಂದು ಅಂಟಿ ಉದ್ದದ ಎಳೆಗಳಾಗುತ್ತವೆ, ರಕ್ತಕಣ ಕುಡುಗೋಲಿನಂತೆ ಬಾಗುತ್ತದೆ. ಎಲ್ಲೋ ಒಂದು ಮಗು ಕೈಕಾಲಿನ ನೋವಿನಿಂದ ರಾತ್ರಿಯೆಲ್ಲ ಅಳುವುದರ ಹಿಂದೆ ಪರದೆಯ ಈ ಗುಲಾಬಿ ಚುಕ್ಕೆಗಳಷ್ಟು ಜಾಗದ ಅದಲುಬದಲು ಇದೆ.

ಈ ಕಾಯಿಲೆ ನಮ್ಮ ಚಾಮರಾಜನಗರ, ಮೈಸೂರು, ಕೊಡಗಿನ ಆದಿವಾಸಿ ಸಮುದಾಯಗಳಲ್ಲೂ ಇದೆ. ನಾವು ತೆರೆದ ಕಡತ ಇರುವ, 1971ರಲ್ಲಿ ಏಳು ರಚನೆಗಳಿಂದ ಶುರುವಾದ ಪ್ರೋಟೀನ್ ಡೇಟಾ ಬ್ಯಾಂಕ್‌ನಲ್ಲಿ ಈಗ ಎರಡು ಲಕ್ಷಕ್ಕೂ ಹೆಚ್ಚು ರಚನೆಗಳಿವೆ, ಎಲ್ಲವೂ ಉಚಿತ. ಆ ಜಿಲ್ಲೆಗಳಲ್ಲಿ ಜೀವಶಾಸ್ತ್ರ ಕಲಿಸುವ ಮೇಷ್ಟ್ರುಗಳೇ, ಮೇಡಂಗಳೇ, ಆರನೆಯ ಜಾಗದ ಪಾಠ ಬಂದ ದಿನ 4ಎಚ್‌ಎಚ್‌ಬಿಯನ್ನು ತೆರೆದಿಟ್ಟು, ಕೀಬೋರ್ಡನ್ನು ಮಕ್ಕಳ ಕೈಗೆ ಕೊಡಿ.