ಒಂದೇ ಗ್ಲಾಸ್ ಅಲ್ವಾ?

ಕಾಪುವಿನಲ್ಲಿ ಒಂದು ಮೆಹೆಂದಿ ರಾತ್ರಿ. ತೂಕ ಇಳಿಸಲು ಹೊಟ್ಟೆಯ ಬೈಪಾಸ್ ಆಪರೇಷನ್ ಮಾಡಿಸಿಕೊಂಡಿದ್ದ ನನ್ನ ಗೆಳೆಯನಿಗೆ ಎಲ್ಲರೂ "ಒಂದೇ ಗ್ಲಾಸ್ ಅಲ್ವಾ ಮಾರಾಯ" ಅಂದ್ರು. ನಾನು ಸುಮ್ಮನಿದ್ದೆ. ಸ್ವಲ್ಪ ಹೊತ್ತಲ್ಲೇ ಅವನ ಕಾಲು ತಡವರಿಸಿತು. ಕೈಯಲ್ಲಿ ಬೈಕ್ ಕೀ, ಹೋಗಬೇಕಾದದ್ದು ಮಣಿಪಾಲಕ್ಕೆ. ಕೀ ಕಿತ್ತುಕೊಂಡೆ.

ಬೈಪಾಸ್ ಆದವರಲ್ಲಿ ಮದ್ಯ ಹೊಟ್ಟೆಯಲ್ಲಿ ಹೆಚ್ಚು ಹೊತ್ತು ನಿಲ್ಲದೆ ಸಣ್ಣ ಕರುಳಿಗೆ ಇಳಿಯುತ್ತದೆ. ನಶೆ ಬೇಗ ಏರುತ್ತದೆ, ನಿಧಾನ ಇಳಿಯುತ್ತದೆ. ರಕ್ತದ ಸಕ್ಕರೆ ಕುಸಿಯಬಹುದು. ಎರಡು ವರ್ಷ ಕಳೆದ ಮೇಲೆ ಕುಡಿತ ಚಟವಾಗುವುದೂ ಉಂಟು.

"ಕುಡಿಯೋದು ಪಾಪವಾ?" ಅಂತ ನೀವು ಕೇಳ್ತೀರಿ. ಆ ರಾತ್ರಿ ಪ್ರಾರ್ಥನೆಗೆ ಕೂತಾಗ ನನ್ನನ್ನು ಚುಚ್ಚಿದ್ದು ಬೇರೆ ಪ್ರಶ್ನೆ: ಅವನ ದೇಹ ಬದಲಾದದ್ದು ಗೊತ್ತಿದ್ದೂ ನಾನು ಯಾಕೆ ಬಾಯಿ ಬಿಡಲಿಲ್ಲ? ಕೀ ಕಿತ್ತುಕೊಳ್ಳುವ ಮೊದಲು ಗ್ಲಾಸ್ ತಡೆಯಬೇಕಿತ್ತು. ಮುಂದಿನ ಸಲ ನೀವು ತಡೀರಿ. ಆಮೆನ್.