ಸಹಪ್ರಯಾಣಿಯ ಬಾಯಾರಿಕೆ

ಏಕಾಂತವನ್ನರಸಿ ಹೊರಟವನು ನಾಯಿಯೊಂದನ್ನು ಜೊತೆಗೊಯ್ದರೆ ಪಯಣ ಇಬ್ಬರದು. ನಿರ್ಧಾರ ಮಾತ್ರ ಒಬ್ಬನದು. ಕಳೆದ ಬೇಸಿಗೆಯಲ್ಲಿ, ಗುಡ್ಡದ ಬದಿಯಲ್ಲಿ ಡೇರೆ ಹಾಕಿ ಒಂದು ರಾತ್ರಿ ಕಳೆಯುವ ಆಸೆಯಿಂದ, ಅಂಗಡಿಯ ಬಾಗಿಲಲ್ಲೇ ಬೆಳೆದ ನಾಯಿಯೊಡನೆ ಸಿಂಧನೂರಿನಿಂದ ಲಿಂಗಸುಗೂರಿನ ಕಡೆಗೆ ಕಾರಿನಲ್ಲಿ ಹೊರಟೆ. ದಾರಿಯಲ್ಲಿ ಮಸ್ಕಿ. 1915ರಲ್ಲಿ ಬೆಳಕಿಗೆ ಬಂದ, ಅಶೋಕನ ಹೆಸರನ್ನೇ ಹೊತ್ತ ಶಾಸನವನ್ನು ನೋಡಲು ಇಳಿದೆ; ನಾಯಿಯನ್ನು ಕಾರಿನೊಳಗೇ ಕಟ್ಟಿದ್ದೆ. ದಾರಿಗಳಲ್ಲಿ ಮನುಷ್ಯರಿಗೂ ಪಶುಗಳಿಗೂ ಬಾವಿ ತೋಡಿಸಿದುದಾಗಿ ಬೇರೊಂದು ಶಾಸನದಲ್ಲಿ ಹೇಳಿಕೊಂಡ ಆ ಅರಸನನ್ನು ಮೆಚ್ಚುತ್ತ ಹಿಂದಿರುಗಿದಾಗ ಕಂಡದ್ದು, ನಾಲಿಗೆ ಚಾಚಿ ಏದುತ್ತಿದ್ದ ಜೀವ. ನೆರಳಿಗೆ ತಂದು ನೀರುಣಿಸಿದ ಮೇಲೆ ಚೇತರಿಸಿಕೊಂಡಿತು. ಡೇರೆ ಹಾಕದೆ ಮನೆಗೆ ಮರಳಿದೆ.

ಅಹಿಂಸಾಣುವ್ರತಕ್ಕೆ ತತ್ತ್ವಾರ್ಥಸೂತ್ರವು ಹೇಳುವ ಅತಿಚಾರಗಳು ಐದು: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಹೊಡೆಯಲಿಲ್ಲ, ಗಾಯಗೊಳಿಸಲಿಲ್ಲವೆಂಬ ಸಮಾಧಾನ ಸಲ್ಲದು. ಮೊದಲನೆಯದೂ ಕೊನೆಯದೂ ಪ್ರೀತಿಯ ಹೆಸರಿನಲ್ಲೇ ನನ್ನಿಂದ ಘಟಿಸಿದ್ದವು. ದ್ವೇಷವಿರಲಿಲ್ಲ, ಪ್ರಮಾದವಿತ್ತು, ಹಿಂಸೆಯ ಮೂಲವು ಪ್ರಮಾದವೇ ಅಲ್ಲವೆ?

ಸಾಯುತ್ತಿದ್ದ ನಾಯಿಗೆ ಪಂಚನಮಸ್ಕಾರವನ್ನು ಕೇಳಿಸಿದ ಜೀವಂಧರಕುಮಾರನ ಕಥೆಯನ್ನು ನಾವು ಭಕ್ತಿಯಿಂದ ಓದುತ್ತೇವೆ. ಬದುಕಿರುವ ನಾಯಿಗೆ ಮೊದಲು ಸಲ್ಲಬೇಕಾದದ್ದು ನೀರು.